ಮೂರು ಸಾವಿರದ ಇನ್ನೂರಕ್ಕೆ ಒಂದು ರೂಪಾಯಿ ಕಮ್ಮಿಯಿಲ್ಲ

ನನ್ನ ಸೋದರಮಾವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಬೇಕಾದಷ್ಟಿತ್ತು. ಆದರೆ ಒಮ್ಮೆ ಹನೂರಿನ ಪೇಟೆಯಲ್ಲಿ ಆಲಿಕಲ್ಲು ಮಳೆ ಹಿಡಿದುಕೊಂಡಾಗ ನಮ್ಮ ಮೂವರ ನಡುವೆ ಇದ್ದದ್ದು ಒಂದೇ ಕೊಡೆ. ಅದನ್ನು ಬಿಚ್ಚಿ ಮಾವ ಹಿಡಿದದ್ದು ತಮ್ಮ ಗಾಡಿಯ ಬಾನೆಟ್ಟಿಗೆ! ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಪಕ್ಕದಲ್ಲೇ ನಿಂತಿದ್ದರು. "ಅಲ್ಲ ಮಾವ, ಅತ್ತೆ ನೆನೀತಾವ್ರೆ" ಎಂದೆ. "ನೆಂದ್ರೆ ಒಣಗ್ತಾಳೆ ಕಣಮ್ಮಿ. ಬಾನೆಟ್ಟು ನುಗ್ಗಾದ್ರೆ ಬೆಲೆ ಬೀಳ್ತದೆ" ಎಂದರು. ಇಂಥವರನ್ನು ಏನು ಮಾಡುವುದು, ನೀವೇ ಹೇಳಿ!

ನಮ್ಮ ಕಡೆಯ ಪದ್ಧತಿಯಂತೆ ಈ ಮಹಾಶಯರು ಅಕ್ಕನ ಮಗಳಾದ ನನ್ನನ್ನೇ ಮದುವೆಯಾಗಬಹುದಿತ್ತು. ಮನೆಯಲ್ಲಿ ಮಾತೂ ಎದ್ದಿತ್ತಂತೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅಗರದ ಹೆಣ್ಣನ್ನು ತೋರಿಸಿದರು, ನಾನು ಉಳಿದುಕೊಂಡೆ. ಅತ್ತೆಯನ್ನು ಕಂಡಾಗಲೆಲ್ಲ ನನಗೆ ಒಳಗೊಳಗೇ ಕೈಮುಗಿಯಬೇಕು ಅನ್ನಿಸುತ್ತಿತ್ತು.

ಗಾಡಿಯ ವಿಷಯ ಹೇಳಿಬಿಡುತ್ತೇನೆ. ಕೊಳ್ಳೇಗಾಲವು ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ವರ್ಷ. ಇನ್ನು ಮೇಲೆ ಯಾವ ಕಚೇರಿಗೆ ಅಲೆಯಬೇಕು, ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕು ಎಂದು ಸೀಮೆಯ ಜನವೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಲೊಕ್ಕನಹಳ್ಳಿಯ ನಮ್ಮ ಮಾವ ಯಾವುದೋ ಮಿಲಿಟರಿ ಹರಾಜಿಗೆ ಹೋಗಿ ಒಂದು ಪಿಕಪ್ಪು ಹೊಡೆದುಕೊಂಡು ಬಂದರು. ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ತೆರೆದ ಕಬ್ಬಿಣದ ತೊಟ್ಟಿ, ಎದೆಯೆತ್ತರದ ಚಕ್ರಗಳು. ಮಾಮೂಲಿ ಲಾರಿಗೆ ಹಿಂದಿನ ಚಕ್ರ ಮಾತ್ರ ನೂಕಿದರೆ, ಇದರಲ್ಲಿ ಇನ್ನೊಂದು ಗೇರು ಕಡ್ಡಿ ಎಳೆದೊಡನೆ ಮುಂದಿನ ಚಕ್ರಗಳೂ ಎಳೆಯುತ್ತಿದ್ದವು. ಕೆಸರಿರಲಿ, ಮರಳಿರಲಿ, ಹಳ್ಳವಿರಲಿ, ನುಗ್ಗಿಕೊಂಡು ಹೋಗುತ್ತಿತ್ತು. ಊರವರು "ನಾಕ್ ಕಾಲಿನ್ ಗಾಡಿ" ಎಂದು ಹೆಸರಿಟ್ಟರು. ಒಳ್ಳೆಯ ರಸ್ತೆ ಸಿಕ್ಕಿತೋ, ಸೈಕಲ್ಲಿನವನೂ ಇದನ್ನು ಹಿಂದೆ ಹಾಕಿಬಿಡುತ್ತಿದ್ದ. ಪೆಟ್ರೋಲನ್ನಂತೂ ಎಮ್ಮೆ ಕಲಗಚ್ಚು ಕುಡಿದ ಹಾಗೆ ಕುಡಿಯುತ್ತಿತ್ತು. ಒಂದು ಬೋಲ್ಟು ಬೇಕಾದರೂ ಬೆಂಗಳೂರಿನ ಗುಜರಿ ಅಂಗಡಿಗಳನ್ನು ವಾರಗಟ್ಟಲೆ ಸುತ್ತಬೇಕು. ಇಂಥ ರತ್ನಕ್ಕೆ ಮಾವ ಒಂದು ಜೋಡಿ ಎತ್ತು, ಎರಡು ಎಕರೆ ಬೆದ್ದಲು ಮಾರಿ ತೆತ್ತ ಬೆಲೆ ಮೂರು ಸಾವಿರದ ಇನ್ನೂರು ರೂಪಾಯಿ.

ಕೊಂಡದ್ದಕ್ಕೆ ಕಾರಣವಿರಲಿಲ್ಲವೆಂದಲ್ಲ. ಮಾವನ ಮನೆಯಿದ್ದದ್ದು ಊರಾಚೆ, ಹಳ್ಳದ ಆ ದಡದಲ್ಲಿ, ಕಾಡಿನ ಅಂಚಿಗೆ. ಬಸ್ಸು ಹಳ್ಳದ ಈಚೆಗೇ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಎರಡು ಮೈಲಿ ಕಲ್ಲು, ಮುಳ್ಳು, ಏರು. ಹಾಗಾಗಿ ಗಾಡಿ ಬೇಕಿತ್ತು, ಸರಿ. ಆದರೆ ಮಾವನಿಗೆ ಗಾಡಿ ಓಡಿದರೆ ಸಾಲದು, ಅದರ ಬೆಲೆ ನಿಲ್ಲಬೇಕು! ಈ ಹುಚ್ಚು ಹತ್ತಿಕೊಂಡದ್ದು ಅಗರದ ಮನೆಯಲ್ಲಿ, ಒಬ್ಬಟ್ಟಿನ ಎಲೆಯ ಮುಂದೆ.

ಗಾಡಿ ಬಂದ ಮೇಲಿನ ಮೊದಲ ಗೌರಿ ಹಬ್ಬ. ಅತ್ತೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಮಾವ ಅವರ ತವರಾದ ಅಗರಕ್ಕೆ ಹೋದರು. ನಾನು ಯಳಂದೂರಿನ ಪ್ರೈಮರಿ ಸ್ಕೂಲಿಗೆ ಆಗಷ್ಟೇ ಮೇಡಂ ಆಗಿ ಸೇರಿದ್ದೆ, ಹತ್ತಿರವೇ ಇದ್ದೇನೆಂದು ನನಗೂ ಕರೆ ಬಂದಿತ್ತು. ಅತ್ತೆಯ ತಂದೆ, ಎಂದರೆ ಅಗರದ ಯಜಮಾನರು, ಗದ್ದೆ, ಹಿಪ್ಪುನೇರಳೆ ತೋಟ ಇದ್ದ ಸ್ಥಿತಿವಂತರು. ಮಾತು ಕಮ್ಮಿ, ಆಡಿದರೆ ಸೌದೆ ಸೀಳಿದ ಹಾಗೆ. ಗಂಡಸರ ಸಾಲಿಗೆ ಎಲೆ ಹಾಕಿತ್ತು. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಿತ್ತು. ಮಾವ ಮೊದಲ ತುಂಡು ಮುರಿದಿದ್ದರು, ಇನ್ನೂ ಬಾಯಿಗೆ ಇಟ್ಟಿರಲಿಲ್ಲ.

"ಅಳಿಯಂದ್ರೆ, ಆ ಮಿಲ್ಟ್ರಿ ತಗಡ್ಗೆ ಎಷ್ಟ್ ಕೊಟ್ರಿ?" ಎಂದರು ಯಜಮಾನರು.

"ಮೂರು ಸಾವಿರದ ಇನ್ನೂರು ಮಾವ."

"ನಾಳೀಕ್ ಮಾರಕ್ಕೋದ್ರೆ ಯಾವನ್ ತಕ್ಕತನೆ? ಎತ್ನಾದ್ರೆ ನೂರ್ ಜನ ಕೇಳ್ತರೆ. ಇದ್ನ ಕೇಳೋ ಉಚ್ಚ ಈ ಸೀಮೇಲಿ ನೀವೊಬ್ರೇ. ಇನ್ನೊಬ್ಬ ಉಟ್ಟಿಲ್ಲ. ಕೇಳೋನಿಲ್ದೆ ಇದ್ಮೇಲೆ ಬೆಲೆ ಎಲ್ಲಿಂದ ಬಂತು?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಾವ ಎದ್ದು ನಿಂತರು. ಉಣ್ಣದೆ ಎಲೆಯ ಮುಂದಿನಿಂದ ಏಳುವುದೆಂದರೆ ನಮ್ಮಲ್ಲಿ ಹುಡುಗಾಟವೇ? ಅದೂ ಅಳಿಯ, ಅದೂ ಹಬ್ಬದ ದಿನ! "ಇದ್ಕೆ ನಾನ್ ಕೊಟ್ಟ ಬೆಲೆ ಬರೋಗಂಟ ಈ ಮನೇಲಿ ಒಂದಗಳು ಮುಟ್ಟಲ್ಲ. ಒಂದ್ ರೂಪಾಯಿ ಕಮ್ಮಿ ಬಂದ್ರೂ ಮುಟ್ಟಲ್ಲ" ಎಂದು ಹೇಳಿ, ಕೈ ತೊಳೆದು, ಹೊರಗೆ ನಡೆದೇಬಿಟ್ಟರು. ಅಡಿಗೆಮನೆಯ ಬಾಗಿಲ ಹಿಂದೆ ಇನ್ನೊಂದು ಒಬ್ಬಟ್ಟು ಹಿಡಿದು ನಿಂತಿದ್ದ ಅತ್ತೆಯ ತಾಯಿ ಹಾಗೇ ನಿಂತಿದ್ದರು. ಆಕೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ.

ಆ ಮನೆಯ ರೀತಿಯೇ ಬೇರೆ. ಅತ್ತೆಯಾದವಳು ಅಳಿಯನ ಎದುರು ಬಂದು ನಿಲ್ಲುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಬಾಗಿಲ ಮರೆಯಲ್ಲಿ ನಿಂತು, ನಡುವೆ ಯಾರನ್ನಾದರೂ ಇಟ್ಟುಕೊಂಡು ಹೇಳಬೇಕು. ಮುಂದಿನ ವರ್ಷದಿಂದ ಆ 'ಯಾರಾದರೂ' ನಾನೇ ಆದೆ. ಮಾವ ಪ್ರತಿ ಗೌರಿ ಹಬ್ಬಕ್ಕೂ ಅತ್ತೆಯನ್ನು ತಪ್ಪದೆ ತವರಿಗೆ ಕರೆತರುತ್ತಿದ್ದರು, ಆ ವಿಷಯದಲ್ಲಿ ಲೋಪವಿಲ್ಲ. ಮನೆಯೆದುರಿನ ಹೊಂಗೆ ಮರದಡಿ ಗಾಡಿ ನಿಲ್ಲಿಸಿ, ಅದರಲ್ಲೇ ಕೂತು, ಲೊಕ್ಕನಹಳ್ಳಿಯಿಂದ ತಂದ ಬುತ್ತಿ ಬಿಚ್ಚುತ್ತಿದ್ದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಳಗಿಂದ ಒಬ್ಬಟ್ಟಿನ ಘಮ ಬರುತ್ತಿದ್ದಾಗ ಒಣರೊಟ್ಟಿಯನ್ನು ಅಷ್ಟು ಗಂಭೀರವಾಗಿ ಅಗಿಯುವ ಇನ್ನೊಬ್ಬ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

"ಅವ್ವಾ, ನಿಮ್ ಮಾವಂಗೆ ಏಳು" ಎಂದು ಬಾಗಿಲ ಮರೆಯಿಂದ ಅಜ್ಜಿ. "ಒಳೀಕ್ ಬರ್ದಿದ್ರೆ ಬ್ಯಾಡ. ಗಾಡೀಲೇ ಕೂತು ಒಂದ್ ಒಬ್ಬಟ್ಟು ತಿನ್ಲಿ."

ನಾನು ಗಾಡಿಯ ಹತ್ತಿರ ಹೋಗಿ ಹೇಳಿದೆ. "ಒಬ್ಬಟ್ಟು ಯಾರ ಮನೇದು? ಆ ಮನೇದು. ಆಗಲ್ಲ ಅಂತ ಏಳಮ್ಮಿ" ಎಂದರು ಮಾವ.

ವಾಪಸು ಬಂದೆ. "ಪಕ್ಕದ್ ಮನೆ ಒಲೇಲಿ ಬೇಯ್ಸಿದ್ರೆ?" ಎಂದರು ಅಜ್ಜಿ.

ಮತ್ತೆ ಹೋದೆ. ಮಾವ ಕೋರ್ಟಿನ ಜಡ್ಜಿಯಂತೆ ಯೋಚಿಸಿದರು. "ಬ್ಯಾಳೆ ಯಾರದು?"

"ಬೇಳೆಯೂ ಪಕ್ಕದ ಮನೆಯದಂತೆ."

"ಮೈದಾ?"

"ಅದೂ."

ಮಾವನ ಮುಖ ಒಂದಿಷ್ಟು ಸಡಿಲವಾಯಿತು. ನನಗೂ ಆಸೆ ಹುಟ್ಟಿತು. "ಬೆಲ್ಲ?" ಎಂದರು.

ನಾನು ಅಂಗಳ ದಾಟಿ ಓಡಿದೆ. ಬೆಲ್ಲ ಆ ಮನೆಯದೇ! ಗದ್ದೆ ಬದುವಿನ ಕಬ್ಬು, ಸ್ವಂತ ಆಲೆಮನೆ. ಅಜ್ಜಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಹೇಳಲಿಲ್ಲ. ಅಳಿಯನ ವ್ರತ ಕೆಡಿಸಿದ ಪಾಪ ನನಗೇಕೆ ಎಂದು ಒಳಗೆ ಹೋದರು. ಅವತ್ತು ನನಗೆ ಮಾವನ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಇದರ ಇನ್ನೊಂದು ಪೆಟ್ಟು ಬೇರೆ ಕಡೆ ಬಿದ್ದಿತ್ತು. ಅಳಿಯ ಊಟ ಮುಟ್ಟದ ಮನೆಯವರು ಮಗಳ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಯಜಮಾನರು ಹೋಗಲಿಲ್ಲ, ಅಜ್ಜಿಯನ್ನೂ ಬಿಡಲಿಲ್ಲ. ಮಗಳನ್ನು ಕೊಟ್ಟ ಮನೆ ಹೇಗಿದೆಯೆಂದು ಅಜ್ಜಿ ನೋಡಿಯೇ ಇರಲಿಲ್ಲ. ಅತ್ತೆಗೆ ಗಂಡು ಮಗು ಹುಟ್ಟಿದಾಗಲೂ ಬಾಣಂತನ ತವರಲ್ಲೇ ಆಯಿತು. ತೊಟ್ಟಿಲು ಮಾತ್ರ ನಾಕ್ ಕಾಲಿನ ಗಾಡಿಯ ತೊಟ್ಟಿಯಲ್ಲಿ ಕೂತು ಹಳ್ಳ ದಾಟಿತು.

ಇತ್ತ ಮಾವ ಬೆಲೆ ಕಾಯುವ ಕೆಲಸಕ್ಕೆ ಟೊಂಕ ಕಟ್ಟಿ ನಿಂತರು. ಗಾಡಿ ಹತ್ತುವವರು ಚಪ್ಪಲಿ ಬಿಡಬೇಕು. ಗೊಬ್ಬರ ಹೇರುವಂತಿಲ್ಲ, ಕುರಿ ಏರಿಸುವಂತಿಲ್ಲ. ಎಲೆಅಡಿಕೆ ಹಾಕಿದವರು ಉಗುಳಿ ಬಂದರೆ ಮಾತ್ರ ಪ್ರವೇಶ. ನಮ್ಮ ನೆಂಟರಲ್ಲಿ ಒಬ್ಬರು ಸ್ವಲ್ಪ ಹೆಚ್ಚೇ ದಪ್ಪ. ಅವರನ್ನು ತೊಟ್ಟಿಯ ನಟ್ಟನಡುವೆ ಕೂರಿಸಿ, "ಅತ್ತಿತ್ತ ವಾಲ್ಬ್ಯಾಡಿ, ಒಂದ್ಕಡೆ ಸ್ಪ್ರಿಂಗ್ ಪಟ್ಟಿ ಕೂತ್ಕತ್ತದೆ" ಎಂದು ಬಂಡಳ್ಳಿಯವರೆಗೂ ಹಿಂದೆ ತಿರುತಿರುಗಿ ನೋಡಿಕೊಂಡೇ ಓಡಿಸಿದ್ದರು. ಪ್ರತಿ ಶನಿವಾರ ಗಾಡಿಯ ಮೈಗೆ ಹೊಂಗೆ ಎಣ್ಣೆ. "ನನ್ ತಲೆಗೆ ದೀಪಾವಳಿಗೊಂದ್ಸಲ, ಅದ್ಕೆ ವಾರವಾರ" ಎಂದು ಅತ್ತೆ ಹೇಳಿದರೆ, "ನಿನ್ನ ಮಾರಕ್ಕದಾ?" ಎಂದು ಮಾವ. ಅದಕ್ಕೆ ಅತ್ತೆ ಕೊಟ್ಟ ಉತ್ತರವನ್ನು ನಾನಿಲ್ಲಿ ಬರೆಯುವಂತಿಲ್ಲ!

ಕಾಪಾಡಿದರಾಯಿತೇ? ಬೆಲೆ ಎಷ್ಟು ನಿಂತಿದೆ ಎಂದು ಗೊತ್ತಾಗುವುದು ಹೇಗೆ? ಇಂಥ ಗಾಡಿ ಇಡೀ ತಾಲ್ಲೂಕಿಗೆ ಒಂದೇ, ಹೋಲಿಸಿ ನೋಡಲು ಇನ್ನೊಂದಿಲ್ಲ. ಮಾವ ತಲೆ ಓಡಿಸಿದರು. ಕೊಳ್ಳೇಗಾಲದ ದನದ ಸಂತೆಗೆ ಗಾಡಿಯನ್ನು ಹೊಡೆದುಕೊಂಡು ಹೋಗಿ, ಎರಡು ಜೊತೆ ಎತ್ತುಗಳ ನಡುವೆ ನಿಲ್ಲಿಸಿ, ಹಳೆಯ ದಲ್ಲಾಳಿಯೊಬ್ಬನನ್ನು ಕರೆದು, "ಇದ್ಕೊಂದು ಬೆಲೆ ಕಟ್ಟಪ್ಪ" ಎಂದರು. ಮಾರಲಿಕ್ಕಲ್ಲ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ.

ದಲ್ಲಾಳಿ ಹಿಂಜರಿಯುವ ಆಸಾಮಿಯೇ ಅಲ್ಲ. ಒಂದು ಸುತ್ತು ಬಂದ. ಚಕ್ರ ತಟ್ಟಿದ. ಬಾನೆಟ್ಟು ಎತ್ತಿಸಿ, ಹಲ್ಲು ನೋಡುವವನ ಹಾಗೆ ಒಳಗೆ ಇಣುಕಿದ. "ಮೈಕಟ್ಟು ಚಂದಾಗದೆ ಸಾ. ಮೇವು ಜಾಸ್ತಿ ಅಂತರೆ" ಎಂದ. ಆಮೇಲೆ ಹೆಗಲ ಟವಲು ತೆಗೆದು ಮಾವನ ಕೈ ಮೇಲೆ ಹೊದಿಸಿದ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಒಂದು ಬೆರಳಿಗೆ ಒಂದು ಸಾವಿರ ಎಂದು ಮೊದಲೇ ಮಾತಾಯಿತು. ಸುತ್ತ ಜನ ಕವಿದುಕೊಂಡಿದ್ದರು. ಮಾವ ಟವಲಿನಡಿ ಕೈಯಿಟ್ಟು ನಿಂತರು, ನಿಂತೇ ಇದ್ದರು. ಹೊತ್ತು ಹೋಯಿತು. ಕೊನೆಗೆ ಕೆಂಪಗಾದ ಮುಖದಲ್ಲಿ ಕೈ ಎಳೆದುಕೊಂಡು ಗಾಡಿ ಹತ್ತಿದರು. ಎಷ್ಟು ಹೇಳಿದ ಎಂದು ಕೇಳಿದರೆ, "ಅವಂಗೆ ದನದ್ ಬೆಲೇನೂ ಗೊತ್ತಿಲ್ಲ" ಎಂದು ಬಾಯಿ ಮುಚ್ಚಿಕೊಂಡರು. ನಿಜ ಹೊರಬಿದ್ದದ್ದು ದಲ್ಲಾಳಿಯ ಬಾಯಿಂದ: "ನಾ ಇಡ್ದಿದ್ದು ಎಲ್ಡೇ ಬೆಳ್ಳು ಕಣವ್ವ. ನಿಮ್ ಮಾವ ನನ್ ಕೈ ಇಡ್ಕೊಂಡು, ಮೂರ್ನೇ ಬೆಳ್ಳು ಎಲ್ಲದೆ ಅಂತ ಕಾಲ್ ಗಂಟೆ ಉಡುಕುದ್ರು!"

ಗಾಡಿಯೂ ಸುಮ್ಮನಿರಲಿಲ್ಲ ಅನ್ನಿ, ಆಗಾಗ ತನ್ನ ಯೋಗ್ಯತೆ ತೋರಿಸುತ್ತಿತ್ತು. ಒಂದು ಮಳೆಗಾಲ ಲೊಕ್ಕನಹಳ್ಳಿ ದಾರಿಯಲ್ಲಿ ಬಸ್ಸು ಅಚ್ಚಿನವರೆಗೂ ಕೆಸರಿಗೆ ಇಳಿದುಬಿಟ್ಟಿತು. ಇಪ್ಪತ್ತು ಜನ ನೂಕಿದರೂ ಜಪ್ಪಯ್ಯ ಅನ್ನಲಿಲ್ಲ. ಮಾವ ಬಂದರು, ಹಗ್ಗ ಕಟ್ಟಿದರು, ಎರಡನೇ ಕಡ್ಡಿ ಎಳೆದರು. ಗಾಡಿ ಹೂಂಕರಿಸಿ ಬಸ್ಸನ್ನು ದಡಕ್ಕೆ ತಂದು ನಿಲ್ಲಿಸಿತು. ಜನ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಾವ ಇಳಿದು, ಒಬ್ಬೊಬ್ಬರ ಮುಂದೆಯೂ ನಿಂತು, "ಈಗೇಳಿ, ಇದ್ರ ಬೆಲೆ ಎಷ್ಟು?" ಎಂದು ಕೇಳತೊಡಗಿದರು.

"ಅಯ್ಯೋ ಸಾ, ಇದ್ಕೆ ಬೆಲೆ ಕಟ್ಟಕ್ಕಾಯ್ತದಾ!" ಎಂದ ಕಂಡಕ್ಟರು ಕೈಮುಗಿದು.

ಬೇರೆ ಯಾರಾಗಿದ್ದರೂ ಉಬ್ಬಿಹೋಗುತ್ತಿದ್ದರು. ಮಾವನಿಗೆ ಕೋಪ ನೆತ್ತಿಗೇರಿತು. "ಕಟ್ಟಕ್ಕಾಗಲ್ಲ ಅಂದ್ರೆ ಏನ್ಲಾ ಅರ್ಥ? ಅಗರದೋರಿಗೆ ಅದ್ನ ಏಳಕ್ಕಾಯ್ತದಾ? ರೂಪಾಯಿ ಲೆಕ್ದಲ್ಲಿ ಏಳ್ಲಾ!" ಕಂಡಕ್ಟರು ಗಾಬರಿಯಿಂದ ರೈಟ್ ಎಂದು ಸೀಟಿ ಊದಿಬಿಟ್ಟ.

ಆಮೇಲೆ ಆನೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ನಮ್ಮ ಕಡೆ ಆನೆ ಬರುವುದು ಹೊಸತಲ್ಲ. ನಾನು ರಜೆಗೆ ಅಲ್ಲಿದ್ದಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಾವನ ಹೊಲ ಅರ್ಧ ಚಪ್ಪಟೆ. ಹೊಲದ ಅಂಚಿನಲ್ಲಿ ನಿಲ್ಲಿಸಿದ್ದ ಗಾಡಿಯ ಎಡಗಡೆ ಮಡ್‌ಗಾರ್ಡು ಒಳಗೆ ನುಗ್ಗಿತ್ತು, ಅದರ ಮೇಲೆ ಕೆಸರಿನ ಉಜ್ಜು. ಆನೆ ಬೆನ್ನು ಕೆರೆತಕ್ಕೆ ಒರಗಿ ಹೋಗಿತ್ತು. ಹೊಲದ ಕಡೆ ಮಾವ ಕಣ್ಣೆತ್ತಿಯೂ ನೋಡಲಿಲ್ಲ. ನುಗ್ಗಿದ ತಗಡು ಸವರುತ್ತಾ, ಆನೆಯ ವಂಶವನ್ನೆಲ್ಲ ಜಾಲಾಡಿ, ತಲೆಯ ಮೇಲೆ ಕೈಹೊತ್ತು ಕೂತರು. ಐದು ನಿಮಿಷ. ಆಮೇಲೆ ಮೇಲೆದ್ದು, "ಅಮ್ಮಿ, ಬಾರಮ್ಮಿ ಇಲ್ಲಿ! ಆನೆ ಒರಗದೆ. ಗಾಡಿ ಉರುಳಿಲ್ಲ! ಬೇರೆ ಯಾವ್ ಕಾರು ನಿಂತ್ಕತ್ತಿತ್ತು ಏಳು? ಬೆಲೆ ಬಿದ್ದಿಲ್ಲ, ಏರದೆ!" ಎಂದರು. ಆ ನುಗ್ಗನ್ನು ನೆಟ್ಟಗೆ ಮಾಡಿಸಲೇ ಇಲ್ಲ. ನೋಡಲು ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ನಿಜವಾದ ಗಿರಾಕಿ ಬರಲೇ ಇಲ್ಲವೆಂದುಕೊಳ್ಳಬೇಡಿ. ಬಂದ. ಬಿದಿರು ಕಂಟ್ರಾಕ್ಟರು, ಸತ್ಯಮಂಗಲದ ಕಡೆಯವನು. ಕಾಡಿನೊಳಗೆ ಬಿದಿರು ಕಡಿಯುವ ಕೂಪಿಗೆ ಹೋಗಲು ಇಂಥದ್ದೇ ಬೇಕಿತ್ತಂತೆ. ಗಾಡಿಯನ್ನು ಏರಿನಲ್ಲಿ ಹತ್ತಿಸಿ, ಇಳಿಸಿ, ಮೆಚ್ಚಿ, "ಕಡೈಸಿ ಮಾತು, ಇದೇ ಕೊನೆ ಅಣ್ಣಾ. ಮೂರು ಸಾವಿರದ ನೂರೈವತ್ತು" ಎಂದ. ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಸುದ್ದಿ ಯಳಂದೂರಿಗೆ ನನಗೆ ಬಂತು, ನನ್ನಿಂದ ಅಗರಕ್ಕೆ ಹೋಯಿತು. ಅಜ್ಜಿ ಅವತ್ತೇ ಕಡಲೆಬೇಳೆ ಆರಿಸಲು ಕೂತರಂತೆ. ಐವತ್ತು ರೂಪಾಯಿ ತಾನೇ? ಸ್ವತಃ ಯಜಮಾನರೇ, "ಅಷ್ಟ್ ಬಂತಾ? ಮತ್ತೇನು, ಬಂದಂಗೇ ಆಯ್ತು ಬುಡು" ಎಂದುಬಿಟ್ಟಿದ್ದರು! ಮಾವ ಮಾತ್ರ ಕಂಟ್ರಾಕ್ಟರಿಗೆ ಕಾಫಿ ಕೊಟ್ಟು, "ಇನ್ನೂರು. ಒಂದ್ ರೂಪಾಯಿ ಕಮ್ಮಿ ಇಲ್ಲ" ಎಂದು ಕಳಿಸಿಕೊಟ್ಟರು.

ನನಗೆ ತಡೆಯಲಾಗಲಿಲ್ಲ. ಆ ತಿಂಗಳ ಸಂಬಳದಲ್ಲಿ ಐವತ್ತು ರೂಪಾಯಿ ಎತ್ತಿಕೊಂಡು ಕೊಳ್ಳೇಗಾಲದಲ್ಲಿ ಆ ಕಂಟ್ರಾಕ್ಟರನ್ನು ಹುಡುಕಿಕೊಂಡು ಹೋದೆ. "ಇದನ್ನೂ ಸೇರಿಸಿ ಪೂರ್ತಿ ಬೆಲೆ ಕೊಡಿ, ನನ್ನ ಹೆಸರು ಎತ್ತಬೇಡಿ" ಎಂದೆ. ಎಂಥ ಪ್ರಾಮಾಣಿಕ ಮನುಷ್ಯ ಅಂತೀರಿ! ದುಡ್ಡು ಹಿಡಿದು ಲೊಕ್ಕನಹಳ್ಳಿಗೆ ಹೋಗಿ, "ಅಣ್ಣಾ, ಮೂರು ಸಾವಿರದ ನೂರೈವತ್ತು ನನ್ನದು, ಐವತ್ತು ಮೇಡಂ ಅವರದು" ಎಂದು ಬಿಡಿಸಿ ಬಿಡಿಸಿ ಹೇಳಿದ. ಮಾವ ಆ ಐವತ್ತನ್ನು ಮಾತ್ರ ಇಸಿದುಕೊಂಡು, ಗಾಡಿ ಕೊಡದೆ ಅವನನ್ನು ಹಳ್ಳದವರೆಗೂ ಕಳಿಸಿಬಂದರು. ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟರು. ಕೊನೆಗೆ ಒಂದು ದಿನ ಶಾಲೆಗೇ ಬಂದು, ಐವತ್ತು ರೂಪಾಯಿಯನ್ನು ನನ್ನ ಮೇಜಿನ ಮೇಲಿಟ್ಟು, "ಕೇಳೋನು ಬೇಕು ಅಂತ ಕೇಳ್ಬೇಕು ಕಣಮ್ಮಿ. ಪಾಪ ಅಂತ ಕೊಟ್ರೆ ಅದು ಭಿಕ್ಷೆ, ಬೆಲೆ ಅಲ್ಲ. ನನ್ ಮಾವ ಏಳಿದ್ದೂ ಅದೇ ಅಲ್ವಾ, ಕೇಳೋನೇ ಇಲ್ಲ ಅಂತ?" ಎಂದರು. ಅವರ ದನಿಯಲ್ಲಿ ಮೊದಲಿನ ಜಂಬ ಇರಲಿಲ್ಲ. ಹಟ ಹಾಗೇ ಇತ್ತು.

ವರ್ಷಗಳು ಉರುಳಿದವು. ಕೊಳ್ಳೇಗಾಲದಲ್ಲಿ ಹೊಸ ಹೊಸ ಜೀಪುಗಳು ಓಡಾಡತೊಡಗಿದವು. ನಾಕ್ ಕಾಲಿನ ಗಾಡಿಯನ್ನು ಕೇಳುವವರು ಒಂದೂವರೆ ಸಾವಿರಕ್ಕೆ ಇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಗುಜರಿಯವನೊಬ್ಬ ಬಂದು ಕಬ್ಬಿಣದ ತೂಕಕ್ಕೆ ಕೇಳಿ ಬೈಸಿಕೊಂಡು ಹೋದ. ಮಾವನ ಕಿವಿಯ ಮೇಲಿನ ಕೂದಲು ಬೆಳ್ಳಗಾಯಿತು. ಶನಿವಾರದ ಹೊಂಗೆ ಎಣ್ಣೆ ನಿಲ್ಲಲಿಲ್ಲ, ಗೌರಿ ಹಬ್ಬದ ಒಣರೊಟ್ಟಿಯೂ ನಿಲ್ಲಲಿಲ್ಲ. ಬಾಗಿಲ ಮರೆಯ ಅಜ್ಜಿಯ ದನಿ ಮಾತ್ರ ವರ್ಷ ವರ್ಷಕ್ಕೂ ಸಣ್ಣಗಾಗುತ್ತಾ ಬಂತು. ನಾನು ಕದ್ದು ಲೆಕ್ಕ ಹಾಕುತ್ತಿದ್ದೆ: ಈ ಹಟ ಮೊದಲು ಮುಗಿಯುತ್ತದೋ, ಅಜ್ಜಿಯೇ ಮೊದಲು ಮುಗಿಯುತ್ತಾರೋ?

ಹನ್ನೊಂದನೇ ವರ್ಷದ ಗೌರಿ ಹಬ್ಬ. ಮಾವ ಹೊಂಗೆ ಮರದಡಿ ಗಾಡಿ ನಿಲ್ಲಿಸಿ ಬುತ್ತಿಯ ಗಂಟಿಗೆ ಕೈಹಾಕಿದ್ದರು. ನಾನು ಜಗಲಿಯಲ್ಲಿ ನಿಂತು, ಬಾಗಿಲ ಮರೆಯಿಂದ ಕರೆ ಬರುತ್ತದೆಂದು ಕಾಯುತ್ತಿದ್ದೆ. ಕರೆ ಬರಲಿಲ್ಲ. ಅಜ್ಜಿಯೇ ಬಂದರು. ಬಾಗಿಲು ದಾಟಿದರು, ಜಗಲಿ ಇಳಿದರು, ನನ್ನನ್ನು ನೋಡದೆ ಅಂಗಳ ಹಾದು ನೇರವಾಗಿ ಗಾಡಿಯ ಮುಂದೆ ಹೋಗಿ ನಿಂತರು. ಕಂಕುಳಲ್ಲಿ ಒಂದು ಬಟ್ಟೆಗಂಟು. ಮಾವ ಧಡಬಡಿಸಿ ಕೆಳಗಿಳಿದರು.

"ಇದ್ಕೆ ಏನ್ ರೇಟು?" ಎಂದರು ಅಜ್ಜಿ.

ಮಾವ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದರು. "ಏನಮ್ಮಿ, ಅತ್ತೇರು ಏನಂತಾವ್ರೆ..."

"ಅವಳ್ನ ಯಾಕ್ ಕೇಳ್ತೀರಿ? ಕೇಳ್ತಿರೋಳು ನಾನು. ಏನ್ ರೇಟು?"

"ಮೂರು ಸಾವಿರದ ಇನ್ನೂರು ಅತ್ತೆ."

ಅಜ್ಜಿ ಗಾಡಿಯನ್ನು ಒಂದು ಸುತ್ತು ಬಂದರು. ಚಕ್ರ ಒತ್ತಿ ನೋಡಿದರು. ತೊಟ್ಟಿಯೊಳಗೆ ಬಗ್ಗಿದರು. "ಇದೇನು ನುಗ್ಗದೆ?"

"ಆನೆ ಒರಗಿದ್ದು."

"ಆನೆ ಒರಗಿದ್ಕೆ ನಾನ್ಯಾಕ್ ದುಡ್ ಕೊಡ್ಲಿ? ಪೆಟ್ರೋಲ್ ಬ್ಯಾರೆ ಕುಡೀತದಂತೆ. ಎರಡೂವರೆ ಸಾವಿರ."

ಜಗಲಿಯ ಮೇಲೆ ಯಜಮಾನರು ಎದ್ದು ನಿಂತಿದ್ದರು. ಮಾವನ ಬಾಯಿಂದ ಬಂದದ್ದು ಅದೇ ಮಾತು: "ಆಗಲ್ಲ ಅತ್ತೆ. ಒಂದ್ ರೂಪಾಯಿ ಕಮ್ಮಿ ಇಲ್ಲ."

"ಎರಡು ಸಾವಿರದ ಎಂಟ್ನೂರು. ಟೈರು ಸವೆದವೆ."

"ಸವೆದಿಲ್ಲ!" ಎಂದರು ಮಾವ ಜೋರಾಗಿ. ಆಮೇಲೆ ದನಿ ತಗ್ಗಿಸಿ, "ಅತ್ತೆ, ನೀವು ಗಿರಾಕಿ ಅಲ್ಲ. ನನ್ ಮ್ಯಾಲಿನ ಕನಿಕರಕ್ಕೆ ಕೇಳ್ತಿದ್ದೀರಿ. ಅದು ಬೆಲೆ ಆಗಲ್ಲ" ಎಂದರು.

"ಕನಿಕರ ಇದ್ದಿದ್ರೆ ಚೌಕಾಸಿ ಮಾಡ್ತಿದ್ನಾ?" ಎಂದರು ಅಜ್ಜಿ. "ಮಗಳ್ನ ಕೊಟ್ಟು ಅನ್ನೆರಡು ವರ್ಸ ಆಯ್ತು. ಅವಳ ಮನೆ ಒಲೆ ಯಾವ್ ಕಡೀಕ್ ಮೊಕ ಮಾಡದೆ ಅಂತ ನಂಗೆ ಗೊತ್ತಿಲ್ಲ. ಮೊಮ್ಮಗ ಬಿದ್ದು ಮಂಡಿ ತರ್ಚ್ಕೊಂಡಂತೆ, ಯಾವ್ ಮೆಟ್ಲಲ್ಲಿ ಬಿದ್ದ ಅಂತ ಗೊತ್ತಿಲ್ಲ. ಬಸ್ಸು ಅಳ್ಳದ್ ತಾವೇ ನಿಂತೋಯ್ತದೆ. ಎಲ್ಡ್ ಮೈಲಿ ಏರು ಅತ್ತಕ್ಕೆ ನನ್ ಕಾಲಲ್ಲಾಗಲ್ಲ. ಇದ್ನ ಬುಟ್ರೆ ನನ್ನ ಅಲ್ಗಂಟ ಕರ್ಕೊಂಡೋಗ ಗಾಡಿ ಇನ್ಯಾವ್ದದೆ, ಏಳಿ? ನಂಗೆ ಬೇಕು. ಅದ್ಕೆ ಕೇಳ್ತಾವ್ನಿ."

ಅಜ್ಜಿ ಬಟ್ಟೆಗಂಟನ್ನು ಬಾನೆಟ್ಟಿನ ಮೇಲಿಟ್ಟರು. "ಮೂರು ಸಾವಿರದ ಇನ್ನೂರು. ನಾನು ಉಳ ಸಾಕಿ, ಗೂಡು ಮಾರಿ ಮಡಗಿದ್ದು. ಯಜಮಾನ್ರದ್ದು ಒಂದ್ ಪೈಸೆ ಇಲ್ಲ ಇದ್ರಲ್ಲಿ. ಈಗ ಬೆಲೆ ಬಂತೋ ಇಲ್ವೋ?"

ರೇಷ್ಮೆ ಹುಳು ಸಾಕಿದವರಿಗೆ ಗೊತ್ತು ಆ ದುಡ್ಡು ಎಂಥದೆಂದು. ಹೊತ್ತುಹೊತ್ತಿಗೆ ಸೊಪ್ಪು ಕತ್ತರಿಸಿ ಹಾಕಿ, ತಟ್ಟೆ ಬದಲಿಸಿ, ನಿದ್ದೆಗೆಟ್ಟು ಕೂಡಿಸಿದ್ದು. ಮಾವ ಗಂಟನ್ನು ಬಿಚ್ಚಲಿಲ್ಲ. ಎರಡು ಕೈಯಲ್ಲೂ ಎತ್ತಿ ಕಣ್ಣಿಗೊತ್ತಿಕೊಂಡರು. ಗಾಡಿಯ ಕೀಲಿ ತೆಗೆದು ಅಜ್ಜಿ ಒಡ್ಡಿದ ಸೆರಗಿಗೆ ಹಾಕಿದರು. "ಬಂತು ಅತ್ತೆ" ಎಂದರು.

"ಅಂಗಾದ್ರೆ ಕೈಕಾಲು ತೊಳ್ಕೊಂಡು ಒಳೀಕ್ ಬನ್ನಿ."

ಈಗ ಯಾರಾದರೂ ನನ್ನನ್ನು ಕೇಳಬಹುದು, ಕೇಳುವವರೇ ಇಲ್ಲದ ಆ ಮಿಲಿಟರಿ ತಗಡು ಕೊನೆಗೂ ಬೆಲೆ ಉಳಿಸಿಕೊಂಡಿತೇ ಎಂದು. ಉಳಿಸಿಕೊಂಡಿತು ಸ್ವಾಮಿ! ನಾನೇ ಸಾಕ್ಷಿ, ರೂಪಾಯಿಗೆ ರೂಪಾಯಿ.

ಒಳಗೆ ಎಲೆ ಹಾಕಿತ್ತು. ಮಾವ ಕೂತರು. ಯಜಮಾನರೂ ಪಕ್ಕದಲ್ಲೇ ಬಂದು ಕೂತರು. ಅಜ್ಜಿ ತಾವೇ ಬಡಿಸಿದರು. ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು. ಮಾವ ಮುರಿದು ಬಾಯಿಗಿಟ್ಟುಕೊಂಡರು. ಅತ್ತೆ ಬಾಗಿಲಿಗೆ ಒರಗಿಕೊಂಡು ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ಆಗ ಯಜಮಾನರು ತಮ್ಮ ಎಲೆ ಬಿಟ್ಟು ಕಣ್ಣೆತ್ತದೆ ಹೆಂಡತಿಗೆ, "ಇವತ್ತಾದ್ರೂ ನೀನೂ ಒಂದ್ ತಿನ್ನು" ಎಂದರು. ಆಮೇಲೆ ಅಳಿಯನಿಗೆ ಕೇಳುವಷ್ಟು ಮೆಲ್ಲಗೆ, "ನೀವು ಎದ್ದೋದ ದಿನದಿಂದ ಇವ್ಳು ಹಬ್ಬದೂಟ ಮುಟ್ಟಿಲ್ಲ. ನಿಮಗೆ ಏಳ್ಬಾರ್ದು ಅಂತ ನಂಗೆ ಆಣೆ ಆಕಿದ್ಲು" ಎಂದರು.

ಮಾವನ ಕೈ ಎಲೆಯ ಮೇಲೆ ನಿಂತುಹೋಯಿತು. ಅವರು ಎದ್ದರು. ಅತ್ತೆ "ಅಯ್ಯೋ ಶಿವನೇ!" ಎಂದು ಗೋಡೆ ಹಿಡಿದುಕೊಂಡರು. ಮಾವ ಯಾರನ್ನೂ ನೋಡಲಿಲ್ಲ. ಬಚ್ಚಲಿಗೆ ಹೋಗಿ ಕೈತೊಳೆದು ಬಂದರು, ಮೂಲೆಯಲ್ಲಿದ್ದ ಕಟ್ಟಿನಿಂದ ಒಂದು ಬಾಳೆಎಲೆ ಎಳೆದು ನೀರು ಚಿಮುಕಿಸಿ ಒರೆಸಿದರು, ತಮ್ಮ ಎಲೆಯ ಪಕ್ಕದಲ್ಲೇ ಹಾಸಿದರು. ಅಜ್ಜಿಯ ಕೈಯಿಂದ ಒಬ್ಬಟ್ಟಿನ ಬುಟ್ಟಿ ತೆಗೆದುಕೊಂಡು ಎರಡು ಬಡಿಸಿ, ತುಪ್ಪ ಹಾಕಿದರು.

"ಕೂತ್ಕೊಳಿ ಅತ್ತೆ" ಎಂದರು. "ನೀವ್ ತಿನ್ನೋಗಂಟ ನಾನ್ ಕೂರಲ್ಲ."

ಅಜ್ಜಿ ಸೆರಗು ಎಳೆದುಕೊಂಡು, ಮೈ ಮುದುಡಿಕೊಂಡು, ಅಳಿಯನ ಎದುರಿಗೇ ಎಲೆಯ ಮುಂದೆ ಕೂತರು. ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ತಿಂದರು. ಅಷ್ಟು ಹೊತ್ತೂ ಮಾವ ತುಪ್ಪದ ಗಿಂಡಿ ಹಿಡಿದು ಪಕ್ಕದಲ್ಲಿ ನಿಂತೇ ಇದ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.